ಛತ್ರದ ಬಾಡಿಗೆಯೇ ಪೂರ್ತಿ ಖರ್ಚಲ್ಲ

ಮಾನ್ಯರೇ,

ಮದುವೆಗೆ ಛತ್ರ ಗೊತ್ತುಮಾಡುವಾಗ ಬಾಡಿಗೆಯೊಂದನ್ನೇ ಕೇಳಿ ಮುಂಗಡ ಕೊಟ್ಟುಬಿಡುವುದರಿಂದಲೇ ಎಷ್ಟೋ ಕುಟುಂಬಗಳ ಲೆಕ್ಕ ತಪ್ಪುತ್ತದೆ. ಮೊದಲು ಬೇಕಾದದ್ದು ಅತಿಥಿಗಳ ಸಂಖ್ಯೆ. ಅದು ಗೊತ್ತಿಲ್ಲದೆ ಛತ್ರ ನೋಡಲು ಹೋಗಲೇಬಾರದು.

ವಿದ್ಯುತ್, ಜನರೇಟರ್‌ನ ಡೀಸೆಲ್, ಸ್ವಚ್ಛತೆ, ಹೆಚ್ಚುವರಿ ಕೊಠಡಿಗಳು ಬಾಡಿಗೆಯೊಳಗೇ ಇವೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು. ವಿದ್ಯುತ್ ಬಿಲ್ ಮೀಟರ್ ಪ್ರಕಾರವಾದರೆ ಬೀಗದ ಕೈ ಪಡೆಯುವಾಗಲೂ ಒಪ್ಪಿಸುವಾಗಲೂ ರೀಡಿಂಗ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಹೊರಗಿನ ಅಡುಗೆಯವರನ್ನೋ ಅಲಂಕಾರದವರನ್ನೋ ಕರೆತಂದರೆ ಶುಲ್ಕ ಹಾಕುವ ಛತ್ರಗಳೂ ಇವೆ. ಅಂಥ ಕಡೆ ಕಡಿಮೆ ಬಾಡಿಗೆ ಬರೀ ತೋರಿಕೆ.

ಊಟದ ಕರಾರಿನಲ್ಲಿ ‘ಕನಿಷ್ಠ ಎಲೆ’ ಎಂಬ ಷರತ್ತಿನ ಬಗ್ಗೆ ವಿಶೇಷ ಎಚ್ಚರ ಬೇಕು. 400 ಊಟಕ್ಕೆ ಒಪ್ಪಿ 330 ಜನ ಬಂದರೆ, ಉಣ್ಣದ 70 ಊಟಕ್ಕೂ ಹಣ ತೆರಬೇಕು. ಕನಿಷ್ಠ ಸಂಖ್ಯೆಯನ್ನು 320ಕ್ಕೆ ಇಳಿಸಿ, ಹೆಚ್ಚಾದದ್ದಕ್ಕೂ ಅದೇ ದರ ಎಂದು ಬರೆಸುವುದು ಜಾಣತನ.

ಸಮಯವೂ ಹಣವೇ. ಅಲಂಕಾರಕ್ಕೆ ಐದಾರು ತಾಸು, ತೆರವಿಗೆ ಎರಡು ತಾಸಾದರೂ ಬೇಕು. ಇದನ್ನು ಬಾಡಿಗೆ ಅವಧಿಯೊಳಗೆ ಸೇರಿಸದಿದ್ದರೆ ಗಂಟೆ ಲೆಕ್ಕದ ದಂಡ ಖಚಿತ.

ಠೇವಣಿ ಮರಳಿ ಬರುವುದಾದರೂ ಮದುವೆಯ ವಾರದಲ್ಲಿ ಅದು ಕೈಯಲ್ಲಿರುವುದಿಲ್ಲ. ಹಾಗಾಗಿ ಅದನ್ನು ಬೇರೆಯಾಗಿಯೇ ತೆಗೆದಿಡಬೇಕು. ಒಟ್ಟು ಅಂದಾಜಿನ ಮೇಲೆ ಶೇ 10ರಷ್ಟು ಆಪದ್ಧನವೂ ಇರಲಿ. ದಿನಾಂಕ ಬದಲಾದರೆ, ಮದುವೆ ರದ್ದಾದರೆ ಎಷ್ಟು ಹಣ ವಾಪಸು ಬರುತ್ತದೆ ಎಂಬುದು ರಸೀದಿಯಲ್ಲೇ ಬರೆದಿರಬೇಕು. ಬಾಯಿಮಾತನ್ನು ನಂಬಿ ಮುಂಗಡ ಕೊಡಬೇಡಿ.

– ಓದುಗರು