"ನನಗೆ ಬಂತಲ್ಲ" ಅಂದೆಯಲ್ಲ ಪುಟ್ಟಿ

ಪುಟ್ಟಿ,

ಮೊನ್ನೆ ರಾತ್ರಿ ನೀನು ಮಾತಾಡ್ತಾ ಇರುವಾಗಲೇ ಫೋನ್ ಇಟ್ಟುಬಿಟ್ಟೆ. ತಪ್ಪಾಯ್ತು. ನೆಟ್‌ವರ್ಕ್ ಹೋಯ್ತು ಅಂತ ಅಮ್ಮ ಹೇಳಿದ್ದು ಸುಳ್ಳು, ನಾನೇ ಹೇಳಿಸಿದ್ದು.

ನೀನು ಆ ಕ್ರಿಪ್ಟೊ ಸ್ಕೀಮಿಗೆ, ಅದೇ ಡಿಜಿಟಲ್ ನಾಣ್ಯದ್ದು ಅಂದೆಯಲ್ಲ, ಅದಕ್ಕೆ ದುಡ್ಡು ಹಾಕಿದ್ದಕ್ಕೆ ಸಿಟ್ಟು ಬರಲಿಲ್ಲ. ನಿನ್ನ ದುಡಿಮೆ, ನಿನ್ನ ದುಡ್ಡು. ನಿನ್ನ ವಯಸ್ಸಿನಲ್ಲಿ ನನ್ನ ಹತ್ತಿರ ಉಳಿತಾಯ ಅನ್ನೋದೇ ಇರಲಿಲ್ಲ. ನಿನ್ನ ಹತ್ತಿರ ಇದೆ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ, ಅದು ನಿನಗೆ ಗೊತ್ತಿಲ್ಲ. ಆದರೆ ನೀನೊಂದು ಮಾತು ಹೇಳಿದೆ ನೋಡು, "ಅಪ್ಪಾ, ಸುಮ್ನೆ ಹೆದರಿಸಬೇಡ, ವಿತ್‌ಡ್ರಾ ಮಾಡಿ ನೋಡಿದೀನಿ, ನನಗೆ ಬಂತಲ್ಲ" ಅಂತ. ಅಲ್ಲಿಗೆ ನನ್ನ ಕೈ ನಡುಗಿತು. ಅದೇ ಮಾತನ್ನು ನಾನೂ ಒಬ್ಬರಿಗೆ ಹೇಳಿದ್ದೆ.

ನನ್ನ ದುಡ್ಡು ಹೋಗಿದ್ದು, ಆ ವರ್ಷ ಮನೆ ಇದ್ದ ರೀತಿ, ಎಲ್ಲ ನಿನಗೆ ನೆನಪಿದೆ. ಅದನ್ನು ಮತ್ತೆ ಬರೆಯಲ್ಲ. ನಿನಗೆ ಗೊತ್ತಿಲ್ಲದ್ದು ಆ ಕಂದು ಕವರಿನ ವಿಷಯ. ಆಗ ಕ್ರಿಪ್ಟೊ ಗಿಪ್ಟೊ ಏನೂ ಇರಲಿಲ್ಲ, ಒಂದು ಸ್ಕೀಮ್, ಒಂದು ರಸೀದಿ, ಅಷ್ಟೇ. ಮೊದಲ ತಿಂಗಳ ಬಡ್ಡಿ ಹೇಳಿದ ದಿನಕ್ಕೇ ಕವರಿನಲ್ಲಿ ಬಂತು. ಅದನ್ನು ಆಫೀಸಿಗೆ ಒಯ್ದು ಪಕ್ಕದ ಟೇಬಲ್ಲಿನವರ ಮುಂದೆ ಎರಡು ಸಲ ಎಣಿಸಿದೆ. ಬೇಕಂತಲೇ ಎಣಿಸಿದ್ದು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಅಲ್ಲ, ಈ ದುಡ್ಡು ಎಲ್ಲಿಂದ ಬರುತ್ತೆ ಅಂತೀರಿ?" ಅಂತ ಕೇಳಿದರು. ಅದೊಂದೇ ಪ್ರಶ್ನೆ. ನಾನು ನಕ್ಕು, "ಎಲ್ಲಿಂದಾದ್ರೂ ಬರಲಿ, ನನಗೆ ಬಂತಲ್ಲ" ಅಂದೆ. ಮುಂದಿನ ವಾರ ಅವರೂ ಹಾಕಿದರು. ನನಗಿಂತ ಜಾಸ್ತಿ.

ಎಲ್ಲಿಂದ ಬಂದಿತ್ತು ಗೊತ್ತಾ? ನನ್ನ ಹಿಂದೆ ಸೇರಿದವರಿಂದ. ನನ್ನ ಮುಂದಿನ ತಿಂಗಳ ಕವರಿನಲ್ಲಿ ಬಹುಶಃ ಆ ಪಕ್ಕದ ಟೇಬಲ್ಲಿನವರದೇ ನೋಟುಗಳಿದ್ದವು. ಅದನ್ನೂ ನಾನು ಎಣಿಸಿದ್ದೇನೆ, ಪುಟ್ಟಿ.

ಎಲ್ಲ ಮುಳುಗಿದ ಮೇಲೆ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಮಾತ್ರ ಬೇರೆ ಕಡೆ ಕೂರೋಕೆ ಶುರು ಮಾಡಿದರು. ರಿಟೈರ್ ಆಗೋವರೆಗೂ ನಮಸ್ಕಾರಕ್ಕೆ ನಮಸ್ಕಾರ, ಅಷ್ಟೇ. ಆ ಕನ್ನಡಕ ಒರೆಸಿದ್ದು ಈಗಲೂ ಕಣ್ಣ ಮುಂದಿದೆ. ಆ ಒಂದು ನಿಮಿಷ ನಾನೂ ಸುಮ್ಮನೆ ಯೋಚಿಸಿದ್ದರೆ ಸಾಕಿತ್ತು.

ಅದಕ್ಕೇ ಎರಡು ರಾತ್ರಿ ಕೂತು ಓದಿದೆ. ಹೊಸಬರ ದುಡ್ಡನ್ನೇ ಹಳಬರಿಗೆ ಲಾಭ ಅಂತ ಕೊಡೋ ಈ ಮೋಸಕ್ಕೆ "ಪೊಂಜಿ ಸ್ಕೀಮ್" ಅಂತಾರೆ. ಆ ಹೆಸರು ಬಂದಿದ್ದೇ ಚಾರ್ಲ್ಸ್ ಪೊಂಜಿ ಅನ್ನೋನಿಂದ. 1920ರಲ್ಲಿ ಬಾಸ್ಟನ್‌ನಲ್ಲಿ, ಸ್ಟ್ಯಾಂಪಿಗೆ ಬದಲಾಯಿಸಿಕೊಳ್ಳೋ ಅಂಚೆ ಕೂಪನ್ ವ್ಯಾಪಾರ ಅಂತ ಹೇಳಿ 45 ದಿನಕ್ಕೆ 50 ಪರ್ಸೆಂಟ್ ಕೊಡುತ್ತಿದ್ದ. ಅವನು ಹೇಳಿದ ಲಾಭಕ್ಕೆ ಬೇಕಾದಷ್ಟು ಕೂಪನ್ ಚಲಾವಣೆಯಲ್ಲೇ ಇರಲಿಲ್ಲ. ಆದರೂ ಜನ ಸಾಲು ನಿಂತರು, ಯಾಕಂದರೆ ಮೊದಲು ಹಾಕಿದವರಿಗೆ ನಿಜವಾಗಿ ಬಂದಿತ್ತು. ಈಗ ಕೂಪನ್ ಜಾಗಕ್ಕೆ "ಟ್ರೇಡಿಂಗ್ ಬಾಟ್" ಬಂದಿದೆ, ತಾನಾಗೇ ಕೊಂಡು ಮಾರೋ ಸಾಫ್ಟ್‌ವೇರ್ ಅಂತೆ. ಬಿಟ್‌ಕನೆಕ್ಟ್ ಅಂತ ಒಂದು ಕ್ರಿಪ್ಟೊ ಸ್ಕೀಮ್ ಇತ್ತು, ಅವರೂ ಬಾಟ್ ಅಂತಲೇ ಹೇಳಿ ತಿಂಗಳಿಗೆ 40 ಪರ್ಸೆಂಟ್‌ವರೆಗೆ ಆಸೆ ತೋರಿಸಿದ್ದರು. 2018ರ ಜನವರಿಯಲ್ಲಿ ಬಾಗಿಲು ಹಾಕಿದರು. ಒನ್‌ಕಾಯಿನ್ ಅನ್ನೋ ಇನ್ನೊಂದು ಸ್ಕೀಮಿನ ಕಥೆ ಇನ್ನೂ ವಿಚಿತ್ರ, ಅಲ್ಲಿ ನಿಜವಾದ ಬ್ಲಾಕ್‌ಚೈನೇ, ಅಂದರೆ ಕ್ರಿಪ್ಟೊ ವಹಿವಾಟೆಲ್ಲ ದಾಖಲಾಗೋ ಲೆಕ್ಕದ ಪುಸ್ತಕವೇ, ಇರಲಿಲ್ಲ. ನಡೆಸುತ್ತಿದ್ದ ರುಜಾ ಇಗ್ನಾಟೋವಾ 2017ರ ಅಕ್ಟೋಬರ್‌ನಲ್ಲಿ ವಿಮಾನ ಹತ್ತಿದವಳು ಮಾಯವಾದಳು. ಹೋದ ದುಡ್ಡು ಸುಮಾರು 400 ಕೋಟಿ ಡಾಲರ್.

ನಿನಗೆ ದಿನಕ್ಕೆ 1 ಪರ್ಸೆಂಟ್ ಅಂದರಲ್ಲ. ಸಣ್ಣದು ಅನ್ನಿಸುತ್ತೆ. ಬಂದ ಲಾಭವನ್ನೂ ಅಲ್ಲೇ ಬಿಟ್ಟು ಲೆಕ್ಕ ಹಾಕು, ವರ್ಷಕ್ಕೆ ಸುಮಾರು 38 ಪಟ್ಟು ಆಗುತ್ತೆ. ಅಂಥ ಬಾಟ್ ಇರೋನು ನಿನ್ನ ಸಂಬಳಕ್ಕೆ ಯಾಕೆ ಕೈ ಚಾಚುತ್ತಾನೆ? ಇನ್ನೊಂದು, ನೀನು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಒಂದು ದಿನವೂ ನಷ್ಟ ಇಲ್ಲ. ಬಿಟ್‌ಕಾಯಿನ್ನೇ 2017ರ ಕೊನೆಯಲ್ಲಿ 19,000 ಡಾಲರ್ ದಾಟಿ, 2018ರ ಕೊನೆಗೆ 4,000ಕ್ಕಿಂತ ಕೆಳಗಿತ್ತು. ಕ್ರಿಪ್ಟೊ ಎಲ್ಲ ಮೋಸ ಅಂತ ನಾನು ಹೇಳ್ತಾ ಇಲ್ಲ. ಹಾಗೆ ಹೇಳೋಷ್ಟು ತಿಳಿದವನೂ ಅಲ್ಲ. ಆದರೆ ನಿಜವಾದ ಮಾರುಕಟ್ಟೆ ಏರುತ್ತೆ, ಬೀಳುತ್ತೆ. ಬರೀ ಏರ್ತಾನೇ ಇರೋದನ್ನು ಯಾರೋ ಕೂತು ಟೈಪ್ ಮಾಡ್ತಾ ಇರ್ತಾರೆ.

ಐದು ಜನರನ್ನು ಸೇರಿಸಿದರೆ ಬೋನಸ್ ಅಂದೆ. ಆ ಐವರೂ ಐದೈದು ಜನರನ್ನು ಸೇರಿಸಲಿ, ಅವರೂ ಹಾಗೇ ಸೇರಿಸಲಿ. ಹದಿನಾಲ್ಕನೇ ಸುತ್ತಿಗೇ 610 ಕೋಟಿ ಜನ ಬೇಕು. ಹದಿನೈದನೇ ಸುತ್ತಿಗೆ ಭೂಮಿ ಮೇಲೆ ಜನ ಸಾಲಲ್ಲ.

ಗುಂಪಿನಲ್ಲಿ ಪ್ರಶ್ನೆ ಕೇಳಿದವರನ್ನು "ನೆಗೆಟಿವ್ ಜನ" ಅಂತ ಹೊರಗೆ ಹಾಕ್ತಾರೆ ಅಂತ ಹೇಳಿ ನೀನು ನಕ್ಕೆ. ನಾನು ನಗಲಿಲ್ಲ. ಕಂಪನಿ ರಿಜಿಸ್ಟರ್ ಆಗಿದೆ, ಸರ್ಟಿಫಿಕೇಟ್ ಇದೆ ಅಂದೆ. ಕಂಪನಿ ನೋಂದಾಯಿಸೋದು ಬೇರೆ, ಜನರಿಂದ ಹೂಡಿಕೆ ತೆಗೆದುಕೊಳ್ಳೋಕೆ ಅನುಮತಿ ಪಡೆಯೋದು ಬೇರೆ.

ನೋಡು, ಲೆಕ್ಚರ್ ಕೊಡಲ್ಲ ಅಂತಲೇ ಬರೆಯೋಕೆ ಕೂತಿದ್ದು. ಆಗಿಹೋಯ್ತು.

ಒಂದು ಕೆಲಸ ಮಾಡು. ನೀನು ತೆಗೆದು ನೋಡಿದ್ದು ಚಿಕ್ಕ ಮೊತ್ತ. ಚಿಕ್ಕದನ್ನು ಅವರು ಖುಷಿಯಾಗಿ ಕೊಡ್ತಾರೆ, ಅದು ಅವರ ಗಾಳದ ಎರೆಹುಳು. ಇವತ್ತೇ ಪೂರ್ತಿ ದುಡ್ಡು ವಾಪಸ್ ಕೇಳು. ಲಾಕ್ ಇದೆ, ಸರ್ವರ್ ಅಪ್‌ಗ್ರೇಡ್ ಆಗ್ತಿದೆ ಅಂದರೆ ಅರ್ಥ ಮಾಡ್ಕೋ. "ಮೊದಲು ಟ್ಯಾಕ್ಸ್ ಕಟ್ಟಿ, ಆಮೇಲೆ ಬಿಡ್ತೀವಿ" ಅಂದರೆ ಒಂದು ಪೈಸೆಯೂ ಕಟ್ಟಬೇಡ. ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಫೀಸ್ ಕೊಡಿ ಅಂತ ಬೇರೆ ಯಾರೋ ಫೋನ್ ಮಾಡ್ತಾರೆ, ಅವರೂ ಅದೇ ಜಾತಿ. ಮೆಸೇಜು, ಕಳಿಸಿದ ದುಡ್ಡಿನ ವಿವರ, ವಾಲೆಟ್ ವಿಳಾಸ (ಕ್ರಿಪ್ಟೊ ಖಾತೆಯ ನಂಬರ್ ಇದ್ದ ಹಾಗೆ), ಯಾವುದನ್ನೂ ಅಳಿಸಬೇಡ. ಪೊಲೀಸರಿಗೆ ದೂರು ಕೊಡೋಕೆ ಬೇಕಾಗುತ್ತೆ.

ಹೋದರೆ ಹೋಗಲಿ, ಅದಕ್ಕೆ ನಾನೊಂದು ಮಾತೂ ಆಡಲ್ಲ. ನನಗೆ ನಿದ್ದೆ ಬರದೆ ಇರೋದು ನಿನ್ನ ರೂಮ್‌ಮೇಟ್ ವಿಷಯಕ್ಕೆ. ಅವಳೂ ಸೇರ್ತಾಳಂತೆ ಅಂತ ನೀನು ಖುಷಿಯಾಗಿ ಹೇಳಿದೆ. ಅವಳು ಇನ್ನೂ ಹಾಕಿಲ್ಲ ಅಲ್ವಾ? ಇದನ್ನು ಓದಿ ಮುಗಿಸಿದ ತಕ್ಷಣ ಅವಳ ಹತ್ತಿರ ಹೋಗು. ನನಗೆ ಬೈದುಕೊಂಡೇ ಹೋಗು, ಪರವಾಗಿಲ್ಲ. ಅಪ್ಪ ಹೆದರುಪುಕ್ಕಲ ಅಂತ ಬೇಕಾದರೂ ಹೇಳು, ಆದರೆ ಈ ವಾರ ಹಾಕಬೇಡ ಅನ್ನು.

ರಾತ್ರಿ ಫೋನ್ ಮಾಡ್ತೀನಿ. ಎತ್ತು. ಬೈಯೋಕೆ ಶುರು ಮಾಡಿದರೆ ಈ ಸಲ ನೀನೇ ಇಟ್ಟುಬಿಡು.

ಅಪ್ಪ