ಟ್ರೈಲರ್ ಕೊಳ್ಳುವ ಮೊದಲು ಕಾರಿನ ಬಾಗಿಲು ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ನಮ್ಮ ಕನ್ನಡದವರಿಗೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಸಣ್ಣ ಟ್ರಾವೆಲ್ ಟ್ರೈಲರ್ ಮೇಲೆ ಆಸೆ ಹೆಚ್ಚುತ್ತಿರುವುದನ್ನು ನೋಡುತ್ತಿದ್ದೇನೆ. ಊರಿಂದ ಅಪ್ಪ ಅಮ್ಮ ಬಂದಾಗ ಯೆಲ್ಲೋಸ್ಟೋನ್ ಕಡೆ ಹೊರಟರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲಾ ಜೊತೆಗೇ ಇರುತ್ತದೆ. ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಎಲ್ಲರೂ ಕೇಳುವುದು 'ನಮ್ಮ ಕಾರು ಎಷ್ಟು ಎಳೆಯುತ್ತೆ' ಅಂತ ಮಾತ್ರ. ಕೇಳಬೇಕಾದ್ದು, ಎಷ್ಟು ಹೊರುತ್ತೆ ಅಂತ.

ಎತ್ತಿನ ಗಾಡಿಗೆ ಹೇರು ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಮುಂದೆ ಭಾರ ಜಾಸ್ತಿಯಾದರೆ ಎತ್ತಿನ ಹೆಗಲಿಗೆ ಪೆಟ್ಟು, ಹಿಂದೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ. ಟ್ರೈಲರ್‌ದೂ ಅದೇ ಲೆಕ್ಕ. ಅದರ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಹಿಚ್ ಮೇಲೆ, ಅಂದರೆ ಕಾರಿನ ಹಿಂದಿನ ಕೊಂಡಿಯ ಮೇಲೆ ಕೂರಬೇಕು, ಇದನ್ನೇ ಟಂಗ್ ವೇಟ್ ಅನ್ನುವುದು. ಕಡಿಮೆಯಾದರೆ ಹೈವೇಯಲ್ಲಿ ಟ್ರೈಲರ್ ಬಾಲ ಬೀಸತೊಡಗುತ್ತದೆ.

ಈಗ ಒಂದು ಮಿನಿವ್ಯಾನ್ ತೆಗೆದುಕೊಳ್ಳಿ. ಎಳೆಯುವ ಮಿತಿ 3,500 ಪೌಂಡ್, ಅಂಥ ಗಾಡಿಗೆ ಟಂಗ್ ವೇಟ್ ಮಿತಿ ಸಾಮಾನ್ಯವಾಗಿ 350. ಸಾಮಾನು ತುಂಬಿದ ಟ್ರೈಲರ್ 3,000 ಪೌಂಡ್ ತೂಗಿದರೆ ಶೇ 12ರ ಲೆಕ್ಕದಲ್ಲೇ 360 ಆಯಿತು, ಮಿತಿ ದಾಟಿತಲ್ವಾ? ಇನ್ನು ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಇಷ್ಟನ್ನು ಮೀರಬಾರದು ಅಂತ. ಅಲ್ಲಿ 1,200 ಅಂತಿದ್ದು, ಮನೆಯ ಆರು ಜನ ಕೂತು 900 ಆದರೆ, ಈ 360 ಸೇರಿಸಿದ ಮೇಲೆ ಒಂದು ಸೂಟ್‌ಕೇಸ್ ಇಡುವುದಕ್ಕೂ ಜಾಗವಿಲ್ಲ. ಕ್ಯಾಟಲಾಗ್‌ನಲ್ಲಿ ಹಾಕಿರುವುದು ಖಾಲಿ ಟ್ರೈಲರ್ ತೂಕ, ಅದನ್ನು ನಂಬಬೇಡಿ. 25 ಗ್ಯಾಲನ್ ನೀರು ತುಂಬಿಸಿದರೇ 200 ಪೌಂಡ್ ಮೇಲಾಗುತ್ತದೆ.

ಕಾರಿನ ಹಿಂಭಾಗ ಕುಸಿದರೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿ, ಸರಿಹೋಗುತ್ತದೆ ಅನ್ನುತ್ತಾರೆ. ಒಳ್ಳೆಯ ಸಾಧನ, ನಿಜ. ಅದರ ಸ್ಪ್ರಿಂಗ್ ಬಾರ್‌ಗಳು ಸ್ವಲ್ಪ ಭಾರವನ್ನು ಕಾರಿನ ಮುಂದಿನ ಚಕ್ರಗಳಿಗೂ ಟ್ರೈಲರ್ ಚಕ್ರಗಳಿಗೂ ಹಂಚುತ್ತವೆ, ಸ್ಟಿಯರಿಂಗ್ ಮತ್ತೆ ಹಿಡಿತಕ್ಕೆ ಬರುತ್ತದೆ. ಆದರೆ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿರುವ ಮಿತಿ ಒಂದು ಪೌಂಡ್ ಕೂಡ ಏರುವುದಿಲ್ಲ. ಕೆಲವು ಕಾರುಗಳಿಗೆ ಅದನ್ನು ಹಾಕಲೇಬಾರದು, ಹಾಕಿಸುವ ಮೊದಲು ಕಾರಿನ ಮ್ಯಾನ್ಯುಯಲ್ ಓದಿ.

ಬಾಲ್, ಅಂದರೆ ಹಿಚ್ ಮೇಲಿನ ಲೋಹದ ಗುಂಡಿನ ವಿಷಯದಲ್ಲಂತೂ ಅಂದಾಜು ಬೇಡವೇ ಬೇಡ. 2 ಇಂಚಿನ ಕಪ್ಲರ್‌ಗೆ (ಬಾಲ್ ಮೇಲೆ ಕೂರುವ, ಟ್ರೈಲರ್ ಮೂತಿಯ ಬಟ್ಟಲು) 1.875 ಇಂಚಿನ ಬಾಲ್ ಹಾಕಿದರೆ ಕೂತಂತೆಯೇ ಕಾಣುತ್ತದೆ, ಹಳ್ಳಕ್ಕೆ ಬಿದ್ದ ಏಟಿಗೆ ಕಳಚಿಕೊಳ್ಳಬಹುದು. ಎರಡರ ಮೇಲೂ ಅಳತೆ ಕೆತ್ತಿರುತ್ತದೆ. ಸೇಫ್ಟಿ ಚೈನ್‌ಗಳನ್ನು ಕಪ್ಲರ್ ಕೆಳಗೆ ಅಡ್ಡಡ್ಡ ಹಾಕಿದರೆ, ಕಳಚಿದರೂ ಮೂತಿ ನೆಲಕ್ಕೆ ಬಡಿಯದೆ ಆ ಚೈನ್‌ಗಳ ಮೇಲೆ ನಿಲ್ಲುತ್ತದೆ. ಕಾರಿನ ಹಿಂದೆ ಕೆಳಗಿರುವ ರಿಸೀವರ್, ಅದರೊಳಗೆ ಕೂರುವ ಬಾಲ್ ಮೌಂಟ್, ಬಾಲ್, ಕಾರು, ಇವುಗಳಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ. ಹೆಚ್ಚು ಭಾರ ತಾಳುವ ಕ್ಲಾಸ್ 3 ರಿಸೀವರ್ ಹಾಕಿಸಿದ ಮಾತ್ರಕ್ಕೆ ಮಿನಿವ್ಯಾನ್ ಟ್ರಕ್ ಆಗುವುದಿಲ್ಲ.

ಹೊರಡುವ ದಿನ ಎಲ್ಲಾ ತುಂಬಿಸಿ, ಎಲ್ಲರನ್ನೂ ಕೂರಿಸಿಕೊಂಡು ಟ್ರಕ್ ಸ್ಟಾಪ್‌ನ ತೂಕದ ಕಟ್ಟೆಗೆ ಹೋಗಿ. ಒಂದೊಂದು ಆಕ್ಸಲ್ ಮೇಲೆ ಎಷ್ಟು ಅಂತ ಚೀಟಿ ಕೊಡುತ್ತಾರೆ.

ಮುಂದೆ ನಿಮ್ಮ ಪ್ರವಾಸದ ಪುಟದಲ್ಲಿ ಟ್ರೈಲರ್ ಬಗ್ಗೆ ಬರೆಸುವುದಾದರೆ, ನೋಡುವ ಜಾಗಗಳ ಪಟ್ಟಿಯ ಜೊತೆ ಈ ತೂಕದ ಲೆಕ್ಕವನ್ನೂ ಹಾಕಿಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗ, ಡೆನ್ವರ್