ಈ ಶನಿವಾರದಿಂದ ‘ದಿ ಆಡ್ ಕಪಲ್’

ಗೆಳೆಯರೇ, ನಮ್ಮ ಹಳೇ ಧಾರಾವಾಹಿಗಳ ಸರದಿಯಲ್ಲಿ ಮುಂದಿನದು ‘ದಿ ಆಡ್ ಕಪಲ್’. ನೀಲ್ ಸೈಮನ್ ಅವರ 1965ರ ನಾಟಕವನ್ನು ಆಧರಿಸಿ 1970ರಿಂದ 1975ರವರೆಗೆ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಬಂದದ್ದು. 1968ರ ಸಿನಿಮಾ ನೋಡಿದವರು ಹೋಲಿಕೆ ಶುರು ಮಾಡುವ ಮುಂಚೆ ಒಂದೆರಡು ಕಂತು ತಡೆದುಕೊಳ್ಳಿ, ಪ್ಲೀಸ್.

ಮೊದಲ ಸೀಸನ್ ಬಿಟ್ಟು ಎರಡನೆಯದರಿಂದ ನೋಡೋಣ. ಮೊದಲನೆಯದನ್ನು ಒಂದೇ ಕ್ಯಾಮೆರಾದಲ್ಲಿ ತೆಗೆದು, ರೆಕಾರ್ಡಾದ ನಗು ಅಂಟಿಸಿದ್ದರು. ಆಮೇಲೆ ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಆಡಿದರು. ಮುಖ್ಯ ಪಾತ್ರ ಮಾಡಿದ ಟೋನಿ ರ‍್ಯಾಂಡಲ್, ಜ್ಯಾಕ್ ಕ್ಲಗ್‌ಮನ್ ಇಬ್ಬರೂ ರಂಗದ ಮೇಲೆ ಪಳಗಿದವರು. ಜನ ನಕ್ಕಾಗ ಎಷ್ಟು ಹೊತ್ತು ಸುಮ್ಮನಿರಬೇಕು ಅಂತ ಬಲ್ಲವರು. ಆಟದ ಕಳೆಯೇ ಬೇರೆಯಾಗುತ್ತದೆ.

ಫೀಲಿಕ್ಸ್ ಫೋಟೋಗ್ರಾಫರ್, ಮಡಿ-ಮೈಲಿಗೆಯವರನ್ನೂ ಮೀರಿಸುವ ಶುಚಿಯ ಹುಚ್ಚು. ಆಸ್ಕರ್ ಪತ್ರಿಕೆಗೆ ಕ್ರೀಡೆ ಬರೆಯುವವನು, ರೂಮು ತಿಪ್ಪೆ. ಇಬ್ಬರೂ ಹೆಂಡತಿಯಿಂದ ದೂರವಾಗಿ ನ್ಯೂಯಾರ್ಕಿನ ಒಂದೇ ಫ್ಲಾಟಿನಲ್ಲಿ. ಈ ಸಲ ಫೀಲಿಕ್ಸ್‌ನ ಕಡೆ ಗಮನವಿಡಿ: ಅಷ್ಟೆಲ್ಲ ಕಿರಿಕಿರಿಯ ಹಿಂದೆ ದೂರವಾದ ಹೆಂಡತಿ ಗ್ಲೋರಿಯಾ ಮತ್ತೆ ಸಿಕ್ಕಾಳೆಂಬ ಆಸೆ ಹಾಗೇ ಇದೆ. ಹೆಣ್ಣುಮಕ್ಕಳ ಬಗ್ಗೆ ಆಸ್ಕರ್ ಆಡುವ ಕೆಲವು ಮಾತು ಇವತ್ತಿಗೆ ಸವಕಲು, ನನಗಂತೂ ನಗು ಬರಲ್ಲ. ‘ಪಾಸ್‌ವರ್ಡ್’ ಎಂಬ ಟಿವಿ ಪದ-ಆಟಕ್ಕೆ ಇಬ್ಬರೂ ಹೋಗುವ ಕಂತನ್ನು ಮಾತ್ರ ಯಾರೂ ತಪ್ಪಿಸಬೇಡಿ.

ಕೊನೆಯ ಕಂತು ಗೊತ್ತಿರುವವರು ಇಲ್ಲಿ ಬಾಯಿ ಬಿಡಬೇಡಿ. ಕದ್ದ ಡೌನ್‌ಲೋಡ್ ಲಿಂಕ್ ಹಾಕಿದರೆ ಅಡ್ಮಿನ್ ಅಳಿಸುತ್ತಾರೆ. ಕಂತು ನಡೆಯುವಾಗ ವಾಯ್ಸ್ ಮೆಸೇಜ್ ಬೇಡ. ಹರಟೆ ಭಾನುವಾರ ಬೆಳಿಗ್ಗೆ.